ಎರಡನೆಯ ಕುಂಚಿಗೆ

ಫ್ರೀಮಾಂಟ್
೧೮ ಫೆಬ್ರವರಿ ೨೦೨೫

ಅವ್ವ,

ನಮಸ್ಕಾರ. ಪಾದಕ್ಕೆ ಎರಗಿ ಎಂದು ಬರೆಯುವುದು ವಾಡಿಕೆ, ಆದರೆ ಸದ್ಯ ಆ ಮನಸ್ಸಿಲ್ಲ. ಪಾರ್ಸಲ್ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಕೇಳಿದ್ದೇನೆ ಎಂದುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಈರವ್ವ ಕಾಕುವಿನಿಂದ ಹಿಡಿದು ಇಡೀ ಓಣಿಗೆ ಕೇಳಿಸುತ್ತೀ. ಬೇಡದ ಮಾತು ಬಂದರೆ "ಹಲೋ, ಏನೂ ಕೇಳಸವಲ್ದು" ಎಂದು ಇಟ್ಟುಬಿಡುತ್ತೀ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

ಶಾಂಭವಿ ಆರಾಮಾಗಿದ್ದಾಳೆ. ಮನೆತುಂಬ ಓಡುತ್ತಾಳೆ, ಡೇಕೇರಿನಲ್ಲಿ ಇನ್ನೊಂದು ಮಗುವನ್ನು ಕಚ್ಚಿ ಬಂದಿದ್ದಾಳೆ. ಕೊಡು ಎಂದರೆ "ನೋ" ಎನ್ನುತ್ತಾಳೆ. ನಾನೂ ಅವಳಿಂದ ಅದನ್ನೇ ಕಲಿಯುತ್ತಿದ್ದೇನೆ.

ಅಂಟಿನ ಉಂಡೆ ಒಡೆದಿರಲಿಲ್ಲ. ಶೇಂಗಾ ಚಟ್ನಿಯೂ ಚೆನ್ನಾಗಿತ್ತು. ಅವುಗಳ ಕೆಳಗೆ, ನಿನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಇನ್ನೊಂದು ಕುಂಚಿಗೆ ಇಟ್ಟಿದ್ದೀ. ಖಣದ ಬಟ್ಟೆ, ಅಂಚಿಗೆ ಮಣಿ. ಹಸಿಗೂಸಿನ ತಲೆಯಿಂದ ಬೆನ್ನಿನವರೆಗೆ ಹೊದಿಸುವ ಅಳತೆ. ಶಾಂಭವಿಯ ತಲೆ ಅದರಲ್ಲಿ ಹಿಡಿಸುವುದಿಲ್ಲ, ಅದು ನಿನಗೂ ಗೊತ್ತು. ಯಾರಿಗೆ ಹೊಲಿದದ್ದು ಎಂದು ಕೇಳುವಷ್ಟು ದಡ್ಡಿ ನಾನಲ್ಲ.

ಆ ದಿನವೇ ಊಟಕ್ಕೆ ಕೂತಾಗ ಅನಿಕೇತ ಬಾಯಿಬಿಟ್ಟ. ನೀನು ನನ್ನ ಬೆನ್ನ ಹಿಂದೆ ಅಳಿಯನಿಗೆ ಫೋನ್ ಮಾಡುತ್ತಿದ್ದೀಯಂತೆ. ಹುಬ್ಬಳ್ಳಿಯಲ್ಲಿ ಯಾರೋ ಡಾಕ್ಟರು "ಹೃದಯ ಒಮ್ಮೆ ಸರಿಹೋದ ಮೇಲೆ ಇನ್ನೊಂದು ಮಗು ಆಗಬಹುದು" ಎಂದರಂತೆ.

"ನಿನ್ನ ಹಾರ್ಟ್ ನಂಬರ್ಸ್ ಈಗ ನಾರ್ಮಲ್ ಆಗ್ಯಾವಲ್ಲ, ನಿವೇದಿತಾ. ಜಸ್ಟ್ ಸೆಕೆಂಡ್ ಒಪಿನಿಯನ್ನು. ಅತ್ತಿ ಅಷ್ಟು ಹೇಳಾಕತ್ತಾರ, ಕೇಳಿದ್ರ ಏನ್ ತಪ್ಪು?" ಎಂದ.

ತಟ್ಟೆ ಎಸೆಯಬೇಕೆನಿಸಿತು. ಮಗು ಎದುರಿಗಿದ್ದಳು, ಅವಳ ಬಾಯಿಗೆ ತುತ್ತು ಇಟ್ಟೆ.

ಇನ್ನೊಂದು ಸುದ್ದಿಯೂ ಅವನಿಂದಲೇ ತಿಳಿಯಿತು. ನನ್ನ ಕಾಯಿಲೆಗೆ ನೀನು ಕಾರಣ ಕಂಡುಹಿಡಿದಿದ್ದೀ. "ದಿನಾ ಗಣಪ್ಪನ ವಾಹನ ಕೊಂದ್ರ ಅಕಿ ಎದಿ ಸುಮ್ಮನ ಇರ್ತದೇನು? ಆ ಇಲಿ ಕೆಲಸ ಬಿಡಸ್ರಿ, ಎಲ್ಲಾ ಸರಿಹೋಗ್ತದ" ಎಂದೆಯಂತೆ. ಧಾರವಾಡದ ಗುಡಿಯಲ್ಲಿ ನನ್ನ ಹೆಸರಿನಲ್ಲಿ ಬೆಳ್ಳಿಯ ಇಲಿಯನ್ನೂ ಒಪ್ಪಿಸಿದ್ದೀಯಂತೆ.

ಆ ಕೆಲಸ ಏನೆಂದು ಹಲವು ಸಲ ಹೇಳಿದ್ದೇನೆ, ಇನ್ನೊಂದು ಸಲ ಕೇಳು. ನಮ್ಮ ಲ್ಯಾಬಿನಲ್ಲಿ ಒಂದು ತಳಿಯ ಸಣ್ಣ ಇಲಿಗಳಿವೆ. ಹೃದಯವನ್ನು ಕಾಯುವ ಒಂದು ಜೀನು ಅವುಗಳಲ್ಲಿ ಇಲ್ಲದ ಹಾಗೆ ಮಾಡಿದ್ದಾರೆ. ಗಂಡಿಗೆ ಏನೂ ಆಗುವುದಿಲ್ಲ. ಮರಿ ಹಾಕದ ಹೆಣ್ಣೂ ಆರಾಮಾಗಿರುತ್ತದೆ. ಹೆತ್ತ ಹೆಣ್ಣಿನ ಹೃದಯ ಮಾತ್ರ ದೊಡ್ಡದಾಗುತ್ತ ಹೋಗುತ್ತದೆ. ದೊಡ್ಡದಾದರೆ ಒಳ್ಳೆಯದಲ್ಲವೇ ಎಂದು ಕೇಳಬೇಡ. ಅದರ ಗೋಡೆ ತೆಳ್ಳಗಾಗಿ, ರಕ್ತವನ್ನು ಹೊರಕ್ಕೆ ಒತ್ತುವ ಶಕ್ತಿ ಹೋಗಿ, ನೀರು ಪುಪ್ಪುಸಕ್ಕೆ ತುಂಬಿಕೊಳ್ಳುತ್ತದೆ. ಬಾಣಂತಿಯರಿಗೆ ಬರುವ ಇದೇ ಕಾಯಿಲೆಯನ್ನು ತಿಳಿಯಲೆಂದೇ ಆ ಇಲಿಗಳನ್ನು ಸಾಕಿರುವುದು. ಅದೇ ನನಗೂ ಬಂತು. ನಿನ್ನ ಪಾಪದ ಲೆಕ್ಕಕ್ಕೆ ಇದು ಚೆನ್ನಾಗಿ ಕೂಡಿಬರುತ್ತದೆ, ಬಲ್ಲೆ.

ಈಗ ನಂಬರಿನ ವಿಷಯ. ಮೊದಲ ಸಲ ಹೆತ್ತು ಉಳಿದುಕೊಂಡ ಕೆಲವು ಇಲಿಗಳು ಸುಧಾರಿಸುತ್ತವೆ. ಎದೆಯ ರೋಮ ತೆಗೆದು, ಬೆಚ್ಚನೆಯ ತಟ್ಟೆಯ ಮೇಲೆ ಮಲಗಿಸಿ, ನನಗೆ ಆಸ್ಪತ್ರೆಯಲ್ಲಿ ಮಾಡಿದಂಥದೇ ಸ್ಕ್ಯಾನು ಮಾಡುತ್ತೇನೆ. ನಿನ್ನ ಅಳಿಯನಿಗೆ ಖುಷಿಯಾಗುವಂಥ ನಂಬರು ಅವಕ್ಕೂ ಬರುತ್ತದೆ. ಆಮೇಲೆ ನಾನೇ ಅವನ್ನು ಎರಡನೆಯ ಸಲ ಗಂಡಿನ ಪಂಜರಕ್ಕೆ ಬಿಡುತ್ತೇನೆ. ಮತ್ತೆ ಹೆತ್ತ ಮೇಲೆ ಮೂಲೆ ಸೇರಿ, ಬೆನ್ನು ಗೂನು ಮಾಡಿ, ಪಕ್ಕೆ ಎಳೆದೆಳೆದು ಉಸಿರಾಡುತ್ತವೆ. ಮೇಲಿಟ್ಟ ಮೇವಿಗೆ ಏಳಲು ಆಗದೆಂದು ನೆನೆಸಿದ ಮೇವನ್ನು ಬಾಯಿಯ ಹತ್ತಿರ ನೆಲದ ಮೇಲೆ ಇಡುತ್ತೇವೆ. ಮರಿಗಳನ್ನು ಹಾಲು ಕುಡಿಯಲು ಬೇರೆ ತಾಯಿಯ ಹತ್ತಿರ ಬಿಡುತ್ತೇವೆ. ಹೆತ್ತವುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಇಲಿಗೆ ಆದದ್ದೆಲ್ಲ ಹೆಂಗಸಿಗೂ ಆಗಲೇಬೇಕೆಂದಿಲ್ಲ. ಆದರೆ ನನ್ನ ಡಾಕ್ಟರೂ ಬೇಡ ಎಂದೇ ಹೇಳಿದ್ದಾರೆ, ಎಲ್ಲ ಸರಿಹೋದ ಹಾಗೆ ಕಂಡರೂ ಬೇಡ ಎಂದು.

ಇಲಿಗಳಿಗೆ ನಾನು ಮಾಡುವುದು ಪಾಪವೇ ಇರಬಹುದು. ಹಾಗಾದರೆ ಹೆತ್ತ ಮಗಳನ್ನು ಎರಡನೆಯ ಸಲ ಅದಕ್ಕೆ ಒಡ್ಡಹೊರಟ ನಿನ್ನದು ಏನು? ಅದಕ್ಕೆ ಯಾವ ಬೆಳ್ಳಿಯನ್ನು ಒಪ್ಪಿಸುತ್ತೀ?

ನೀನು ಮಾಡಿದ ನನ್ನ ಬಾಣಂತನವನ್ನೂ ನೆನಪಿಸಿಕೋ. ಧಾರವಾಡದಿಂದ ಇಷ್ಟು ದೂರ ಬಂದೆ, ಕೂಸಿಗೆ ಎರೆದೆ, ನಿದ್ದೆಗೆಟ್ಟೆ. ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಾಲು ಬಾತಾಗ "ಬಸಿರಿನ ನೀರು, ಇಳೀತದ ತಗೋ" ಎಂದೆ. ನಾಲ್ಕು ಹೆಜ್ಜೆಗೆ ಏದುಸಿರು ಬಂದಾಗ "ಈಗಿನ ಹುಡಿಗ್ಯಾರಿಗೆ ಕಸುವಿಲ್ಲ" ಎಂದೆ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ನಾನು ದಿಂಬಿನ ಮೇಲೆ ದಿಂಬು ಇಟ್ಟುಕೊಂಡರೆ, "ಬಾಣಂತಿ ದಿಂಬು ಇಟ್ಕೋಬಾರ್ದು, ಕುತಿಗಿ ಹಿಡೀತದ" ಎಂದು ಎರಡನ್ನೂ ತೆಗೆದು ಕಪಾಟಿನಲ್ಲಿಟ್ಟೆ. ಮೇಲೆ ಲೋಬಾನದ ಹೊಗೆ ಬೇರೆ. ಸ್ಮೋಕ್ ಅಲಾರಂ ಹೊಡೆದುಕೊಂಡಾಗ ಅನಿಕೇತನಿಂದ ಅದರ ಬ್ಯಾಟರಿ ತೆಗೆಸಿದೆ. ಈ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಕೂಗಿದ್ದು ಅದೊಂದೇ. ಅದರ ಬಾಯನ್ನೂ ಮುಚ್ಚಿಸಿದೆ.

ತುಟಿ ನೀಲಿಯಾದ ಮೇಲೆ ಆಸ್ಪತ್ರೆಗೆ ಹೋದೆವು. ಇವತ್ತಿಗೂ ನೀನು ಕಂಡವರ ಮುಂದೆ "ನನ್ನ ಬಾಣಂತನದಿಂದನ ಅಕಿ ಉಳದಾಳ" ಎನ್ನುತ್ತೀಯಂತೆ. ಈರವ್ವ ಕಾಕುವೇ ಮೆಚ್ಚಿಕೊಂಡು ಹೇಳಿದಳು.

ಇರಲಿ. ಇನ್ನು ಮುಂದಿನ ಮಾತು. ಮೇ ತಿಂಗಳಿಗೆ ಬರುತ್ತೇನೆ ಎಂದಿದ್ದೀ. ಬರಬೇಡ. ಅನಿಕೇತನಿಗೆ ಫೋನ್ ಮಾಡಿ ಈ ಮಾತು ಎತ್ತಬೇಡ. ಎತ್ತಿಯೂ ಪ್ರಯೋಜನವಿಲ್ಲ. ಅವನನ್ನು ಒಂದು ಶನಿವಾರ ಲ್ಯಾಬಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಎರಡನೆಯ ಸಲ ಹೆತ್ತ ಇಲಿಯೊಂದರ ಸ್ಕ್ಯಾನನ್ನು ತೋರಿಸಿದೆ. ಪಕ್ಕದಲ್ಲೇ ಅದರ ಹಿಂದಿನ, ನಾರ್ಮಲ್ ನಂಬರಿನ ಸ್ಕ್ಯಾನೂ ಇತ್ತು. ಬಹಳ ಹೊತ್ತು ನೋಡಿದ. "ಇದು ಈಗ ಎಲ್ಲಿ ಅದ?" ಎಂದು ಕೇಳಿದ. ಇಲ್ಲ ಎಂದೆ. ಸೋಮವಾರ ತಾನೇ ಕ್ಲಿನಿಕ್ಕಿಗೆ ಫೋನ್ ಮಾಡಿದ. ಮಕ್ಕಳಾಗದ ಆಪರೇಷನ್ನನ್ನು ಮೊನ್ನೆ ಮಾಡಿಸಿಕೊಂಡು ಬಂದ. ಹೌದು, ಅವನೇ. ಸೋಫಾದ ಮೇಲೆ ಐಸ್ ಇಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದಾನೆ. ಬೀಗರಿಗೆ ಏನು ಹೇಳಬೇಕೆಂದು ನೀನು ಈಗ ತಲೆ ಕೆಡಿಸಿಕೊಳ್ಳುತ್ತೀ. ಇಲಿಯ ಶಾಪ ಅಳಿಯನಿಗೂ ತಟ್ಟಿತು ಎಂದುಬಿಡು.

ಕುಂಚಿಗೆಯನ್ನು ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಹೊಲಿಗೆ ಬಹಳ ಚೆನ್ನಾಗಿದೆ. ಓಣಿಯಲ್ಲಿ ಯಾರದಾದರೂ ಕೂಸಿಗೆ ಕೊಡು.

ಕೊನೆಗೆ ಆಶೀರ್ವಾದ ಬೇಡಬೇಕಲ್ಲ. ಅಷ್ಟಪುತ್ರ ಸೌಭಾಗ್ಯವತಿ ಎಂಬುದನ್ನು ಬಿಟ್ಟು ಬೇರೆ ಏನಾದರೂ ಇದ್ದರೆ ಹರಸು. ಬಹಳ ದಿನ ಬಾಳು ಎಂದರೆ ಸಾಕು. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿವೇದಿತಾ

ತಾ.ಕ.: ದಿಂಬು, ಹೊಗೆ, ಬೆಳ್ಳಿ ಇಲಿ ಎಲ್ಲ ಬರೆದೆ. ಇಷ್ಟಕ್ಕೇ ಆಗಿದ್ದರೆ ಬೈದು ಮರೆತುಬಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅನಿಕೇತ ನಿನಗೆ ಕನ್ನಡದಲ್ಲಿ ಹೇಳುತ್ತಿದ್ದ. ನನಗೆ ನಿದ್ದೆ ಎಂದು ಇಬ್ಬರೂ ತಿಳಿದಿದ್ದಿರಿ. ಆಕ್ಸಿಜನ್ ಮಾಸ್ಕಿನ ಕೆಳಗೆ ನಾನು ಎಚ್ಚರವಿದ್ದೆ. "ಎದಿ ಅರ್ಧಾನೂ ಕೆಲಸ ಮಾಡವಲ್ದಂತ. ಉಳೀತಾಳೋ ಇಲ್ಲೋ ಈಗ ಹೇಳಾಕ ಆಗೂದಿಲ್ಲಂತ" ಎಂದ. ನೀನು ತಲೆಯಾಡಿಸಿ "ದೇವರು ಅದಾನ" ಎಂದೆ. ಆಮೇಲೆ ಅವನು "ಉಳದ್ರೂ ಇನ್ನೊಂದು ಮಗು ಬ್ಯಾಡಂತ" ಎಂದ. ಆಗ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆಯಲ್ಲ ಅವ್ವ, ಹುಟ್ಟದ ಮಗುವಿಗಾಗಿ. ನೀನು ಹೆತ್ತ ಮಗಳು, ನಾನು, ಅಲ್ಲೇ ಮಂಚದ ಮೇಲೆ ಇದ್ದೆ.