ಕಾಶಮ್ಮನವರ ಸೀರೆಗಳು

ಭದ್ರಾವತಿ

ರೂತ್ ಮೇಡಂ ಅವರಿಗೆ ಸುಮಂಗಲಾಳ ನಮಸ್ಕಾರ.

ಅಮೆರಿಕದಲ್ಲಿ ಜೀವಮಾನವಿಡೀ ಮನುಷ್ಯರ ಚಿತ್ರವನ್ನೇ ಬರೆದು ಹೆಸರಾದವರು ನೀವು. ನಮ್ಮತ್ತೆಯ ಒಂದು ಚಿತ್ರ ಇನ್ನೂ ಮುಗಿದಿಲ್ಲವೆಂದರೆ ಹೇಗೆ? ಪ್ರತಿ ಬುಧವಾರ ಅವರನ್ನು ಬಸ್ಸಿನಲ್ಲಿ ದುರ್ಗಿಗುಡಿಯ ನಿಮ್ಮ ಮನೆಗೆ ಕರೆತಂದು ನನಗೆ ಸಾಕಾಗಿದೆ. ಅವರು ಪ್ರತಿ ಸಲ ಬೇರೆ ಸೀರೆ ಉಟ್ಟು ಕೂರುತ್ತಾರೆ, ನೀವು ಅಳಿಸಿ ಮೊದಲಿನಿಂದ ಬರೆಯುತ್ತೀರಿ. ಇಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ, ಒಂದೇ ಸೀರೆ ಉಡಿ ಎನ್ನಬಾರದೇ?

ನಿನ್ನೆ ನಾನೇ ರೇಗಿದೆ.

“ಅದೇ ಸೀರೆ ಉಟ್ರೆ ಚಿತ್ರ ಮುಗಿದುಹೋಗುತ್ತೆ ಮಾರಾಯ್ತಿ. ಆಮೇಲೆ ನನ್ನನ್ನ ಅಷ್ಟು ಹೊತ್ತು ಯಾರು ನೋಡ್ತಾರೆ?” ಎಂದರು.

ಅವರ ಸೀರೆಗಳೆಲ್ಲ ಮುಗಿದಿವೆ. ಬರುವ ಬುಧವಾರ ನನ್ನ ರೇಷ್ಮೆ ಸೀರೆ ಉಡಿಸಿ ಕರೆತರುತ್ತೇನೆ. ಅದಕ್ಕೆ ಬಣ್ಣ ತಾಗದಂತೆ ನೋಡಿಕೊಳ್ಳಿ. ಹೋದ ವಾರದ ಚಿತ್ರವನ್ನು ಅಳಿಸಿಡಿ.

ಇಂತಿ,
ಕಾಶಮ್ಮನವರ ಸೊಸೆ
ಸುಮಂಗಲಾ