ಎಡಗಣ್ಣಿನ ನೀಲಿ

ಫೆಬ್ರವರಿ 19, ಬುಧವಾರ

ಎಂಟು ಗಂಟೆಗೆ ಡ್ರಾಪ್ಸ್. ಎಡಗಣ್ಣಿಗೆ ಮಾತ್ರ. ಪೊರೆ ತೆಗೆಸಿ ಹದಿನೆಂಟು ದಿನ. ಬಲಗಣ್ಣಿನದು ಏಪ್ರಿಲ್‌ನಲ್ಲಂತೆ. ಅಲ್ಲಿಯವರೆಗೆ ಕಪ್ಪು ಕನ್ನಡಕ, ಕೊಪ್ಪರಿಗೆಯ ಹಬೆಗೆ ಮುಖ ಕೊಡಬಾರದು… ಮೂವತ್ತೆಂಟು ವರ್ಷ ರೇಷ್ಮೆ ನೂಲಿನ ಲಡಿಗೆ ಬಣ್ಣ ಹಾಕಿದವನಿಗೆ ಡಾಕ್ಟರ್ ಹೇಳುವ ಮಾತು ಇದು. ಹೊರಗೆ ಕುರ್ಚಿ ಹಾಕಿಕೊಂಡು ಚೀಟಿ ಬರೆಯುತ್ತೇನೆ. ಇಷ್ಟು ಗ್ರಾಂ ನೀಲಿ, ಇಷ್ಟು ಕೆಂಪು. ಮಗಳು ಅಕ್ಷತ ತೂಗಿ, ಕಲಸಿ, ಅದ್ದುತ್ತಾಳೆ. ತಕ್ಕಡಿಯ ಅಂಕಿ ಕಾಣದಾದ ಮೇಲೆ, ಎರಡು ವರ್ಷದಿಂದ ಹೀಗೇ.

ಮಧ್ಯಾಹ್ನ ಹರಿಪ್ರಸಾದ್ ಬಂದಿದ್ದರು. ಎಂಟು ಮಗ್ಗದ ಮಾಲೀಕರು, ಹಳೇ ಗಿರಾಕಿ. ಮಗಳ ಮದುವೆ ಸೀರೆಗೆ ಬಣ್ಣ ಬೇಕಂತೆ. ಫೋನ್ ತೋರಿಸಿದರು. ಒಂದು ಹಕ್ಕಿ. ಆ ಹುಡುಗಿ ಮಾಕಳಿದುರ್ಗ ಹತ್ತಿದಾಗ ತೆಗೆದ ಫೋಟೊ.

"ಈ ತಲೆ ಮೇಲಿನ ನೀಲಿ ಬೇಕು ಆದಣ್ಣ. ಬೇರೆ ಯಾವ್ದು ತೋರ್ಸಿದ್ರೂ ಒಪ್ತಿಲ್ಲ."

ಅದೇ ಫೋಟೊ ಅಕ್ಷತಳ ಫೋನಿಗೆ ಬಂದಾಗ ಬೇರೆ ನೀಲಿ. ಕಂಪ್ಯೂಟರಿನಲ್ಲಿ ಇನ್ನೊಂದು. ಹಕ್ಕಿಯನ್ನೇ ನೋಡಬೇಕು ಅಂದೆ. ಹರಿಪ್ರಸಾದ್ ನಕ್ಕರು. ಹೊರಡುವಾಗ ಮೆಲ್ಲಗೆ — "ಕಷ್ಟ ಅನ್ಸಿದ್ರೆ ಹೇಳ್ಬಿಡಿ, ಬೇರೆ ಕಡೆ ಹಾಕಿಸ್ತೀನಿ. ಕಣ್ಣಿನ ವಿಷ್ಯ."

ಮೈ ಉರಿದುಹೋಯಿತು. ಈ ಒಂದು ಬಣ್ಣ ತಪ್ಪಲಿ, ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲೆಲ್ಲ ಅದೇ ಸುದ್ದಿ. ಆದಿನಾರಾಯಣಪ್ಪ ಮುಗಿದ ಅಂತ.

ಫೆಬ್ರವರಿ 21, ಶುಕ್ರವಾರ

ಹಕ್ಕಿಯ ವಿಷಯ ಕೇಳಲು ಬೈರಣ್ಣನಿಗೆ ಫೋನ್ ಮಾಡಿದೆ. ಮಾಕಳಿದುರ್ಗ ಬೆಟ್ಟದ ಬುಡದಲ್ಲೇ ಮನೆ, ಕುರಿ ಮೇಯಿಸುತ್ತಾನೆ. ಒಟ್ಟಿಗೆ ಓದಿದವರು.

"ಚಳಿ ಸುರುವಾದ್ರೆ ಬತ್ತದೆ ಕಣೋ. ಯುಗಾದಿ ಹೊತ್ಗೆ ಇರಾಕಿಲ್ಲ. ಕಲ್ಲಿನ್ ಮ್ಯಾಲೆ ಸುಮ್ನೆ ಕೂತಿರ್ತದೆ, ನಿನ್ನಂಗೆ."

ಅಕ್ಷತ ಫೋನಿನಲ್ಲಿ ಓದಿ ಹೇಳಿದಳು. ಹಿಮಾಲಯದ ಹಕ್ಕಿಯಂತೆ. ಬೇಸಿಗೆಯಲ್ಲಿ ಅಲ್ಲಿ ಗೂಡು, ಚಳಿಗೆ ಇಲ್ಲಿ ವಾಸ. ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ನ್ಯಾಷನಲ್ ಪಾರ್ಕ್ ಅಂತೆ. ಊಟವಾಗಿ ಕುರ್ಚಿಯಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಹಿಮದ ಬೆಟ್ಟದ ತುಂಬ ಲಡಿ ಒಣಹಾಕಿದ್ದೆ. ಎಲ್ಲ ಬಿಳಿ. ಯಾವುದಕ್ಕೂ ಬಣ್ಣ ಹಿಡಿಯುತ್ತಿರಲಿಲ್ಲ. ಎದ್ದಾಗ ಯಾಕೋ ಸಂತೋಷವಾಗಿತ್ತು.

ಫೆಬ್ರವರಿ 23, ಭಾನುವಾರ

ಹೋದೆ. ಕಾಣಲಿಲ್ಲ. ಸ್ಪೀಕರ್ ಹೊತ್ತ ಹುಡುಗರ ದಂಡು. ಮಂಡಿ ನೋವು. ಹೆಂಡತಿ ಪಾಪಕ್ಕನಿಂದ ಬೈಗುಳ — "ಕಣ್ಣು ಮಾಡಿಸ್ಕೊಂಡು ಬೆಟ್ಟ ಹತ್ತೋ ಗಂಡನ್ನ ನಾನೊಬ್ಳೇ ಕಂಡಿರೋದು."

ಮಾರ್ಚ್ 2, ಭಾನುವಾರ. ಬೆಳಿಗ್ಗೆ 6.50, ಬೆಟ್ಟದಲ್ಲೇ ಕೂತು

ಕಂಡೆ. ಇಳಿಯುವ ಮೊದಲೇ ಬರೆದಿಡುತ್ತಿದ್ದೇನೆ.

ಅರ್ಧ ದಾರಿ ಹತ್ತಿದ್ದೆವು. ಸುತ್ತ ಮಂಜು. ಕೆಳಗೆ ರೈಲು ಹೋದ ಸದ್ದು ಬಂತು, ರೈಲು ಕಾಣಲಿಲ್ಲ. ಬೈರಣ್ಣ ತೋಳು ಹಿಡಿದು ನಿಲ್ಲಿಸಿದ. ಜಾಲಿ ಕೊಂಬೆಯ ಮೇಲೆ, ಹತ್ತು ಮಾರು ದೂರ. ಎದೆ ಕಾವಿ ಬಣ್ಣ. ತಲೆ…

ಕಪ್ಪು ಕನ್ನಡಕ ತೆಗೆದೆ. ಬಲಗಣ್ಣು ಮುಚ್ಚಿ ನೋಡಿದೆ. ನೀಲಿ! ಒಗೆದ ಬಿಳಿ ಪಂಚೆಗೆ ಅಮ್ಮ ನೀಲಿ ಹಾಕುವಾಗ ಬಕೆಟ್ಟಿನಲ್ಲಿ ಮೊದಲ ಹನಿ ಬಿಚ್ಚಿಕೊಳ್ಳುತ್ತಿತ್ತಲ್ಲ, ಆ ನೀಲಿ. ಇಂಥದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಎಡಗಣ್ಣು ಮುಚ್ಚಿದೆ, ಪೊರೆಯಿರುವ ಕಣ್ಣಿಂದ ನೋಡಿದೆ. ಟೀ ಸೋಸಿದ ಬಟ್ಟೆಯ ಬಣ್ಣ. ಮತ್ತೆ ಬಲ ಮುಚ್ಚಿದೆ. ಮತ್ತೆ ಎಡ. ಅದೇ ಹಕ್ಕಿ, ಕದಲದೆ ಕೂತಿದೆ.

"ಏನ್ಲಾ, ಹಕ್ಕಿಗ್ ಕಣ್ ಹೊಡಿತಿದ್ದೀಯ?" ಅಂದ ಬೈರಣ್ಣ.

ನಗು ಬರಲಿಲ್ಲ. ಎರಡು ವರ್ಷ ನಾನು ಚೀಟಿ ಬರೆದದ್ದು ಆ ಟೀ ಬಣ್ಣದ ಕಣ್ಣುಗಳಿಂದ. ಆಗ ಎರಡೂ ಹಾಗೇ ಇದ್ದವಲ್ಲ.

ಮಾರ್ಚ್ 3, ಸೋಮವಾರ

ಅಕ್ಷತ ಬ್ಯಾಂಕಿಗೆ ಹೋದಾಗ ಬಣ್ಣದ ಮನೆಗೆ ಹೊಕ್ಕೆ. ದೀಪಾವಳಿ ಸಮಯದ ಒಂದು ಚೀಟಿ ಹುಡುಕಿದೆ. ನನ್ನ ಕೈಬರಹವೇ. ಭೂತಗನ್ನಡಿ ಹಿಡಿದು, ಬರೆದಷ್ಟೇ ತೂಗಿ, ಒಂದು ಸಣ್ಣ ಲಡಿ ಅದ್ದಿದೆ. ಒಣಗಿದ ಮೇಲೆ ಎಡಗಣ್ಣಿಂದ ನೋಡಿದರೆ ಕಣ್ಣಿಗೆ ರಾಚುವ, ಕೆಟ್ಟ ನೀಲಿ. ಪೊರೆ ನೀಲಿಯನ್ನು ತಿಂದಷ್ಟೂ ನಾನು ಸುರಿಯುತ್ತ ಹೋಗಿದ್ದೇನೆ.

ಆದರೆ ಸ್ಯಾಂಪಲ್ ಪುಸ್ತಕದಲ್ಲಿ ಅದೇ ಚೀಟಿಗೆ ಅಕ್ಷತ ಆ ದಿನ ಅದ್ದಿ ಕಟ್ಟಿದ ಎಳೆ ಎಷ್ಟು ಹದವಾಗಿದೆ. ಗಿರಾಕಿಗೆ ಹೋದದ್ದು ಅದು.

ಅವಳು ಬಂದಳು. ಎರಡೂ ಎಳೆ ಮುಂದೆ ಇಟ್ಟೆ.

"ಯಾವಾಗಿಂದ?" ಅಂದೆ.

"ಎರಡು ವರ್ಷ ಆಯ್ತಪ್ಪ. ನೀವು ಬರ್ದಿದ್ದ ನೀಲಿನ ಅರ್ಧ ಮಾಡ್ತಿದ್ದೆ. ಒಂದೊಂದ್ಸಲ ಅರ್ಧಕ್ಕಿಂತ ಕಮ್ಮಿ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಚೀಟಿ ಬರಿಯೋದೇ ಬಿಟ್ಬಿಡ್ತಿದ್ರಿ."

ಊಟ ಮಾಡಲಿಲ್ಲ.

ಮಾರ್ಚ್ 15, ಶನಿವಾರ

ಹನ್ನೆರಡು ದಿನ ಬರೆಯಲಿಲ್ಲ. ಚೀಟಿಯನ್ನೂ ಬರೆಯಲಿಲ್ಲ, ಅವಳ ಜೊತೆ ಮಾತೂ ಆಡಲಿಲ್ಲ. ಕೆಲಸ ಒಂದು ದಿನವೂ ನಿಲ್ಲಲಿಲ್ಲ, ಅದೇ ಸಂಕಟ. ಹೊಟ್ಟೆಕಿಚ್ಚು, ಮತ್ತೇನಲ್ಲ. ಸ್ವಂತ ಮಗಳ ಮೇಲೆ. ಬರೆದರೂ ನಾಚಿಕೆ.

ಹರಿಪ್ರಸಾದ್ ಫೋನ್ ಮಾಡಿದ್ದರು. ಬಣ್ಣ ಏನಾಯ್ತು ಅಂತ. ಅತ್ತ ಬೈರಣ್ಣ — "ಬರಂಗಿದ್ರೆ ನಾಳೆನೇ ಬಾ. ಬಿಸ್ಲು ಜಾಸ್ತಿ ಆಯ್ತದೆ, ಇನ್ನು ಹೊಂಟೋಯ್ತದೆ."

ಒಬ್ಬನೇ ಹೋಗಿ, ನೋಡಿ ಬಂದು, ಎಡಗಣ್ಣಿನ ನಂಬಿಕೆಯ ಮೇಲೆ ಚೀಟಿ ಬರೆಯಬಹುದು. ಅವಳಿಂದ ಅಷ್ಟೇ ತೂಗಿಸಬಹುದು. ಸಂಜೆಯೆಲ್ಲ ಅದೇ ಲೆಕ್ಕಾಚಾರ.

ಮಾರ್ಚ್ 16, ಭಾನುವಾರ

"ನಾಳೆ ಬೆಟ್ಟಕ್ಕೆ ಬಾ" ಅಂತ ನಿನ್ನೆ ಅಕ್ಷತಳಿಗೆ ಅಂದುಬಿಟ್ಟೆ. ಬಾಯಿಂದ ಬಂದೇಬಿಟ್ಟಿತು.

ಹೋದೆವು. ಇತ್ತು. ಅದೇ ಕೊಂಬೆಯಲ್ಲ, ಮೇಲಿನ ಬಂಡೆಯ ನೆರಳಿನಲ್ಲಿ. ಅಕ್ಷತ ಫೋನ್ ತೆಗೆಯಲಿಲ್ಲ. ಬಾಯಿ ಅರೆ ತೆರೆದು ನಿಂತಳು. ನಾನು ಹಕ್ಕಿಯನ್ನು ಬಿಟ್ಟು ಅವಳನ್ನೇ ನೋಡಿದೆ. ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು, ಪುಡಿ ಉದುರಿಸುವ ಹಾಗೆ. ನಾನೂ ಹಾಗೇ ಮಾಡುತ್ತೇನೆಂದು ಪಾಪಕ್ಕ ಆಡಿಕೊಳ್ಳುತ್ತಾಳೆ.

ಹಕ್ಕಿ ಹಾರಿತು. ಇಬ್ಬರೂ ಬಂಡೆಗೆ ಒರಗಿ ಕೂತೆವು. ಬಿಸಿಲು ಏರಿತು, ಏಳಲು ಮನಸ್ಸಾಗಲಿಲ್ಲ.

"ಚೀಟಿ ಯಾವಾಗ ಕೊಡ್ತೀರಪ್ಪ?" ಅಂದಳು ಇಳಿಯುವಾಗ.

"ಕೊಡಲ್ಲ. ನೀನು ನೋಡಿದ್ಯಲ್ಲ."

ಮೆಟ್ಟಿಲು ಕಡಿದಾದಲ್ಲಿ ನನ್ನ ಕೈ ಹಿಡಿದುಕೊಂಡಳು, ಅಷ್ಟೇ.

ಏಪ್ರಿಲ್ 11, ಶುಕ್ರವಾರ

ಬಲಗಣ್ಣಿನದೂ ಆಯಿತು. ಮೊನ್ನೆ ಆಪರೇಷನ್, ನಿನ್ನೆ ಪಟ್ಟಿ ಬಿಚ್ಚಿದರು. ಹಕ್ಕಿ ಹೋಗಿ ಎರಡು ವಾರವಾಯಿತಂತೆ. ಎಲ್ಲಿ ಹಾರುತ್ತಿದೆಯೋ.

ಮದುವೆ ಸೀರೆಯ ಲಡಿ ಅಂಗಳದಲ್ಲಿ ಒಣಗುತ್ತಿದೆ. ಏಳನೇ ಸಲ ಅದ್ದಿದ್ದಂತೆ. ಆರನ್ನು ಅವಳೇ ಬೇಡವೆಂದಳಂತೆ. "ನೋಡಿ ಹೇಳಿ ಅಪ್ಪ, ನಾಳೆ ಕೊಡ್ಬೇಕು" ಅಂದಳು. ಕನ್ನಡಕ ತೆಗೆದು ಎರಡೂ ಕಣ್ಣಿಂದ ನೋಡಿದೆ. ತಪ್ಪು ಹುಡುಕಿದೆ. ಸುಳ್ಳು ಯಾಕೆ, ಆಸೆಪಟ್ಟು ಹುಡುಕಿದೆ. ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು. ಸಿಗಲಿಲ್ಲ. ಆಮೇಲೆ ಡ್ರಾಪ್ಸ್ ಹೊತ್ತಾಯಿತು ಅಂತ ಒಳಗೆ ಬಂದುಬಿಟ್ಟೆ. ಹೇಡಿ.

"ಹೆಂಗಿದೆ ಹೇಳಿ ಅಪ್ಪಾ…" ಮತ್ತೆ ಕೂಗುತ್ತಿದ್ದಾಳೆ. ಎದ್ದು ಹೋಗಿ ಹೇಳಬೇಕು. ಮೂವತ್ತೆಂಟು ವರ್ಷದಲ್ಲಿ ನನ್ನ ಕೈಯಿಂದ ಇಂಥ ನೀಲಿ ಒಂದೂ —