ಹನ್ನೊಂದನೇ ಟೇಕ್

ಮಾರ್ಚ್ ೬, ಗುರುವಾರ

ಕಣ್ಣು ಎಳೆಯುತ್ತಿದೆ, ಆದರೂ ಬರೆಯದೆ ನಿದ್ದೆ ಬಾರದು. ನಾನು ಶಾಲೆಯಲ್ಲಿ ಹುಚ್ಚಿಯಂತೆ ಗುನುಗುತ್ತಿದ್ದ ಹಿಂದಿ ಸಿನಿಮಾ ಹಾಡುಗಳ ಗಾಯಕಿ ಈಗ ನನ್ನ ಅತ್ತೆ! ಇವತ್ತು ಸ್ಟುಡಿಯೋದಲ್ಲಿ ಒಂದೇ ಸಾಲನ್ನು ಹನ್ನೊಂದು ಸಲ ಹಾಡಿದರು. ಪ್ರತಿ ಸಲವೂ ಪದದ ನಡುವೆಯೇ ಉಸಿರು ತುಂಡಾಯಿತು.

"ಎರಡು ಟೇಕ್ ಅಂಟಿಸ್ತೀನಿ ಅಮ್ಮಾ," ಎಂದ ರೆಕಾರ್ಡಿಸ್ಟ್.

"ಅಂಟಿಸೋಕೆ ನಾನೇನು ಹರಿದ ಚಪ್ಪಲೀನೇನೋ?" ಎಂದು ಅತ್ತೆ ಹೆಡ್‌ಫೋನ್ ಕಳಚಿದರು.

ಕಾರಿನಲ್ಲಿ ನನ್ನನ್ನೇ ಕೇಳಿದರು: "ನಿಜ ಹೇಳೇ, ಇಷ್ಟು ವರ್ಷ ಹಾಡಿದ್ದು ಸಾಕಾ, ನಿಲ್ಲಿಸಿಬಿಡ್ಲಾ?" ಕಾರು ಓಡಿಸುತ್ತಿದ್ದ ನನ್ನವನು ಕನ್ನಡಿಯಲ್ಲೇ ಬೇಡವೆಂದು ಕಣ್ಸನ್ನೆ ಮಾಡಿದ. ಐದು ವಾರದ ಸೊಸೆ ನಾನು, "ಸಾಕು ಅತ್ತೆ" ಎಂದುಬಿಟ್ಟೆ. ಅವರು ನನ್ನ ಭುಜಕ್ಕೊರಗಿ ನಿದ್ದೆಹೋದರು.

ನನ್ನವನು ಗೋಡೆಗೆ ಮುಖಮಾಡಿ ಮಲಗಿದ್ದಾನೆ. ಮುನಿದರೂ ಎಷ್ಟು ಮುದ್ದು! ನಾಳೆ ಸ್ಟುಡಿಯೋಗೆ ತಿಳಿಸುವ ಕೆಲಸವನ್ನೂ ಮನೆಗೆ ಬಂದಮೇಲೆ ಅತ್ತೆ ನನಗೇ ವಹಿಸಿದ್ದಾರೆ. ಹೇಗೆ ಹೇಳಲಿ, ಇನ್ನು ಮುಂದೆ ಆ ದನಿ...